ಬ್ಯಾಟ್ರಿ ಶೆಲ್ಲಿನ ಜೀವ ನೋಡಿದ್ದು

ಆಗ ನನಗ ಇಪ್ಪತ್ತೊಂಬತ್ತು. ಇದು ನಲವತ್ತೇಳು ವರ್ಷದ ಹಿಂದಿನ ಮಾತು. ಊರು ತೆಂಗಳಿ. ಗುಲಬರ್ಗಾದಿಂದ ಕಣ್ಣಿನ ಡಾಕ್ಟರು ಜೀಪಿನಾಗ ಬಂದಿದ್ರು, ನಮ್ಮೂರ ಶಾಲಿಯೊಳಗ ಕ್ಯಾಂಪು. ಯಾರ ಕಣ್ಣು ಆಪರೇಶನ್‌ಗೆ ಬರ್ತದ ಅಂತಾರೋ ಅವರನ್ನ ಮರುದಿನ ಚಿತ್ತಾಪುರದ ದವಾಖಾನಿಗೆ ಒಯ್ಯೋದು ಅಂತ ಡಂಗುರ ಹೊಡಿಸಿದ್ರು.

ನಮ್ಮತ್ತಿ, ಅಂದ್ರ ನನ್ನ ಗಂಡನ ಅವ್ವನ ಎರಡೂ ಕಣ್ಣಿಗೆ ಪರೆ ಬಂದಿತ್ತು. ಒಲಿ ಮುಂದ ಕುಂತ್ರ ಉರಿ ಯಾವ ಕಡಿ ಅದ ಅಂತ ತಿಳೀತಿತ್ತು. ಬಾಗಿಲಾಗ ಯಾರರೆ ನಿಂತ್ರ, ಬೆಳಕಿಗೆ ಅಡ್ಡ ಯಾಕ ನಿಂತಿ ಅಂತ ಬೈತಿದ್ಳು. ಕಾಣೋದು ಅಷ್ಟೇ. ಕೈ ಹಿಡಿದು ಹೊರಕಡಿಗೆ ಒಯ್ಯೋದು, ತಾಟಿನಾಗ ರೊಟ್ಟಿ ಎಲ್ಲದ ಪಲ್ಯ ಎಲ್ಲದ ಅಂತ ಬೆರಳು ಹಿಡಿದು ತೋರಿಸೋದು ಎಲ್ಲಾ ನಾನೇ. ನಾಲ್ಕು ವರ್ಷ ಮಾಡೀನಿ. ಪ್ರೀತಿಲಿಂದ ಮಾಡಿದೆ ಅಂತ ಸುಳ್ಳು ಬರೆಯಂಗಿಲ್ಲ. ನನಗೂ ಬ್ಯಾಸರಾಗಿತ್ತು, ಅಕಿಗೂ ಬ್ಯಾಸರಾಗಿತ್ತು. ಕಣ್ಣು ಬಂದ್ರ ಇಬ್ಬರೂ ಉಳದೇವು ಅಂತ ಲೈನಿನಾಗ ಕುಂದ್ರಿಸಿದೆ.

ಶಾಲಿಗೆ ಕರೆಂಟು ಇದ್ದಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲಿ ಮಾಡಿದ್ರು. ಡಾಕ್ಟರು ಮೂರು ಶೆಲ್ಲಿನ ಬ್ಯಾಟ್ರಿ ಹಿಡಿದು ಒಂದೊಂದು ಮಗ್ಗಲಿಂದ ಕಣ್ಣಿಗೆ ಬೆಳಕು ಬಿಡ್ತಿದ್ರು. ಬೆಳಕು ಯಾವ ಕಡಿಂದ ಬರ್ತದ ಅಂತ ಕೇಳೋದು. ಹೇಳಿದ್ರ ಪರೆ ಹಿಂದಿನ ನರ ಜೀವಂತ ಅದ ಅಂತ ಚೀಟಿ. ಹೇಳಲಿಲ್ಲಂದ್ರ ಮನಿಗೆ ನಡಿ.

ನಾ ಬಾಗಿಲ ಬಲ್ಲೆ ಕುಂತು ಆ ಬ್ಯಾಟ್ರಿನೇ ನೋಡಲಿಕತ್ತಿದ್ದೆ. ಮೊದಲಿನ ಇಬ್ಬರ ಮಾರಿ ಮ್ಯಾಲ ಬೆಳ್ಳಗ ಬೆಳಕು ಬಿತ್ತು. ಐದನೇದವರಿಗೆ ಬರೋದ್ರಾಗ ಬೀಡಿ ತುದಿಯಂಗ ಕೆಂಪು. ಕಂಪೌಂಡರ್ ಜಲ್ದಿ ಹೊರಗ ಬಂದು, ಪಡಸಾಲಿ ಮುಂದಿನ ಫರಸಿ ಕಲ್ಲಿನ ಮ್ಯಾಲ ಬಿಸಿಲಿಗೆ ಹರವಿದ್ದ ಮೂರು ಶೆಲ್ ತಗೊಂಡು ಹಾಕಿದ. ಮತ್ತ ಇಬ್ಬರಿಗೆ ಬೆಳ್ಳಗ, ಆಮ್ಯಾಲ ಮತ್ತ ಅದೇ ಕೆಂಪು. ನಮ್ಮತ್ತಿ ಪಾಳಿ ಬಂದಿದ್ದು ಆ ಕೆಂಪಿನಾಗ.

"ಅಜ್ಜೀ, ಬೆಳಕು ಯಾವ ಕಡಿಂದ ಬರ್ಲಿಕತ್ತದ?"

"ಯಾವ ಬೆಳಕಪ್ಪಾ? ಮೊದಲ ಹಚ್ಚು, ಆಮ್ಯಾಲ ಕೇಳು."

ಡಾಕ್ಟರು ಎಡಕ್ಕ ಬಲಕ್ಕ ಹಿಡಿದು ನೋಡಿದ್ರು. ಅತ್ತಿ ಸುಮ್ಮ ಕುಂತ್ಳು. "ನರ ಸತ್ತದವ್ವಾ. ಆಪರೇಶನ್ ಮಾಡಿದ್ರೂ ಏನೂ ಆಗಂಗಿಲ್ಲ. ಕರಕೊಂಡು ಹೋಗು" ಅಂದ್ರು.

"ಸಾಹೇಬ್ರೆ, ಕಣ್ಣು ಸತ್ತಿಲ್ಲ, ನಿಮ್ಮ ಶೆಲ್ ಸತ್ತಾವ" ಅಂದೆ.

ಕಂಪೌಂಡರ್‌ಗೆ ಸಿಟ್ಟು ಬಂತು. "ಈಗರೆ ಹಾಕೀನಿ. ಬಿಸಿಲಿಗಿಟ್ಟು ಪೂರಾ ತುಂಬ್ಯಾವ. ನೀ ಏನ್ ಇಂಜಿನಿಯರೇನು?"

"ಅಲ್ಲರಿ. ವಾಚ್‌ಮನ್‌ನ ಹೇಂತಿ."

ಲೈನಿನಾಗ ಕುಂತವರು ನಕ್ಕರು. ಡಾಕ್ಟರು ನಗಲಿಲ್ಲ. ಬ್ಯಾಟ್ರಿ ತಮ್ಮ ಅಂಗೈಗೆ ಹಿಡಕೊಂಡು ನೋಡಿದ್ರು. "ಊಟದ ಹೊತ್ತಾತು. ಒಂದು ತಾಸು ಕೊಡ್ತೀನಿ. ಮೂರು ಚಲೋ ಶೆಲ್ ತಂದ್ರ ಮತ್ತ ನೋಡ್ತೀನಿ. ಆಮ್ಯಾಲ ನಾವು ಮುಂದಿನ ಊರಿಗೆ ಹೋಗೋರು" ಅಂದ್ರು.

ಊರ ಅಂಗಡ್ಯಾಗ ಶೆಲ್ ತೀರಿ ವಾರಾಗಿತ್ತು. ನಮ್ಮ ಮನಿ ಬ್ಯಾಟ್ರಿ ಗಂಡ ಕೆಲಸಕ್ಕ ಒಯ್ದಿದ್ದ. ಮನಿ ಮನಿ ತಿರುಗಬೇಕು.

ನನಗಿದು ಹೆಂಗ ಗೊತ್ತಂದ್ರ, ಮದುವ್ಯಾದ ಮ್ಯಾಲ ಆರು ವರ್ಷ ಶಹಾಬಾದದಾಗ ಫರಸಿ ಖಣಿ ಬಲ್ಲೆ ಇದ್ದೆವು. ಗಂಡ ಅಲ್ಲಿ ಕಾವಲುಗಾರ. ಸುಸ್ತಾದ ಶೆಲ್ ಎಲ್ಲಾ ಮನಿಗೆ ತರ್ತಿದ್ದ. ಅವನೂ ಹಿಂಗೇ ಫರಸಿ ಮ್ಯಾಲ ಸುಡೋ ಬಿಸಿಲಿಗೆ ಇಡ್ತಿದ್ದ, ಖಣಿಯವರೆಲ್ಲ ಇಡ್ತಿದ್ರು. ನಾ ನೋಡಿ ನೋಡಿ ತಿಳಕೊಂಡೆ. ಬಿಸಿ ಶೆಲ್ ಸುಳ್ಳು ಹೇಳ್ತದ. ಬಿಸಿ ಇರೋತನ ಜೋರು, ಆರಿತಂದ್ರ ಮುಗೀತು. ಅದಕ್ಕ ನಾ ಶೆಲ್ಲು ನೆರಳಾಗ ಆರಿಸಿ, ಒಂದು ತಾಮ್ರದ ತಂತಿಯ ತುದಿ ಬಲ್ಬಿಗೆ ಸುತ್ತಿ, ಇನ್ನೊಂದು ತುದಿ ಶೆಲ್ಲಿನ ಬುಡಕ್ಕ ಇಟ್ಟು, ಬಲ್ಬು ಶೆಲ್ಲಿನ ನೆತ್ತಿಗೆ ಒತ್ತಿ ಹಿಡೀತಿದ್ದೆ. ಹಚ್ಚಿ ತೆಗದ್ರ ಏನೂ ತಿಳಿಯಂಗಿಲ್ಲ, ಸಾಯೋ ಶೆಲ್ಲೂ ಒಮ್ಮೆ ಮಿನುಗ್ತದ. ಇನ್ನೊಂದು ಕೈಯ ಬೆರಳಿನ ಗೆರಿ ಮೂರು ಸುತ್ತು ಎಣಿಸೋತನ ಹಿಡೀಬೇಕು. ಕಡೀತನ ಬಲ್ಬಿನ ಎಳಿ ಅರಿಶಿಣ ಬಣ್ಣ ಉಳಿದ್ರ ಬ್ಯಾಟ್ರಿಗೆ. ನಡಬರಕ ಕುಂಕುಮಕ್ಕ ಇಳಿದ್ರ ರೇಡಿಯೋಕ್ಕ, ರೇಡಿಯೋ ಕಡಿಮಿ ತಿಂತದ. ಹಿಡಿದ ಕೂಡಲೆ ಕುಂಕುಮ ಆದ್ರ ತಿಪ್ಪಿಗೆ. ಯಾರೂ ಕಲಿಸಿದ್ದಲ್ಲ. ನಾ ಹಿಂಗ ಆರಿಸಲಿಕತ್ತ ಮ್ಯಾಲ ನನ್ನ ಗಂಡನ ಬ್ಯಾಟ್ರಿ ಖಣ್ಯಾಗ ಒಂದು ದಿನ ಕೈ ಕೊಡಲಿಲ್ಲ.

ಗ್ವಾಡಿ ಮೊಳಿಗೆ ಹಾಕಿದ್ದ ಆ ಬಲ್ಬು ತಂತಿ ತಗೊಂಡು ಹೊಂಟೆ. ಹೊಸ ಸೊಸಿ ಬಂದ ಮನ್ಯಾಗ ಮದುವಿಗೆ ಕೊಟ್ಟ ಬ್ಯಾಟ್ರಿ ಇತ್ತು. "ಒಂದು ದಿನ ಹಚ್ಚಿಲ್ಲಕ್ಕಾ, ಹೊಚ್ಚ ಹೊಸಾವ" ಅಂತ ತಗದು ಕೊಟ್ಟಳು. ಶೆಲ್ಲು ಒಡೆದು ಬೆಳ್ಳಗ ಬೂಸಲಿನಂಗ ಸೋರಿತ್ತು. ಹಚ್ಚದಿದ್ರೂ ಶೆಲ್ ಮುದಿ ಆಗ್ತದ ಅಂದ್ರ ಆ ಹುಡುಗಿ ನಂಬಲಿಲ್ಲ. ಮುಂದಿನ ಎರಡು ಮನಿಯಾಗ ಸಿಕ್ಕಿದ್ದು ಐದು. ಅದರಾಗ ಒಂದೇ ಗೆದ್ದಿತು. ಇನ್ನೊಂದು ಮನ್ಯಾಗ ಒಂದು. ಎರಡಾದುವು.

ಮೂರನೇದು ಬೇಕಾಗಿತ್ತು. ಮೂರರಾಗ ಒಂದು ಸತ್ತದ್ದು ಸೇರಿಸಿದ್ರ ಉಳಿದ ಎರಡನ್ನೂ ತಿಂತದ. ನಮ್ಮ ಓಣಿ ಕಾಕಾ ಕಟ್ಟಿ ಮ್ಯಾಲ ರೇಡಿಯೋ ಹಚಗೊಂಡು ಕುಂತಿದ್ದ.

"ಕಾಕಾ, ಶೆಲ್ ಕೊಡ್ರಿ, ಅತ್ತಿ ಕಣ್ಣು ತೋರಿಸಬೇಕು."

"ಕಣ್ಣಿಗೆ ಶೆಲ್ ಹಾಕ್ತಾರೇನವಾ ಈಗ? ಕೊಡಂಗಿಲ್ಲ. ಮೊನ್ನೆ ಚಿತ್ತಾಪುರದಾಗ ಹೊಸಾವು ತಂದೀನಿ."

"ಹೊಸಾವೋ ಹಳೇವೋ ತೋರಿಸ್ಲೇನು?"

"ತೋರಿಸು. ಶೆಲ್ಲಿನ ನಾಡಿ ಹಿಡಿಯೋ ವೈದ್ಯಳು ಬಂದಾಳ ನೋಡ್ರೆಪಾ!" ಅಂತ ಓಣಿಗೆಲ್ಲ ಕೇಳೋಹಂಗ ಒದರಿದ.

ನಾಲ್ಕು ಶೆಲ್ ಇದ್ದುವು. ಮೂರು ಎರಡನೇ ಸುತ್ತಿಗೇ ಕುಂಕುಮ. ಒಂದು ಕಡೀತನ ಅರಿಶಿಣ. ಕಾಕಾ ತಾನೂ ಬಗ್ಗಿ ನೋಡಲಿಕತ್ತಿದ್ದ.

"ಆ ಚಿತ್ತಾಪುರದಾವ ನನಗ ಹಳೇವು ಕೊಟ್ಟಾನ, ಹೌದಲ್ಲವ್ವಾ?"

"ಮೂರು ಹಳೇವು ಕೊಟ್ಟಾನ. ಇದೊಂದು ಕೊಡ್ರಿ, ನಿಮ್ಮ ರೇಡಿಯೋಕ್ಕ ಕಡಿಮಿ ಬಿದ್ದಿದ್ದು ನಾ ಆಮ್ಯಾಲ ಆರಿಸಿ ಕೊಡ್ತೀನಿ."

ಅದೊಂದು ನನ್ನ ಕೈಯಾಗ ಇಟ್ಟ.

ಶಾಲಿಗೆ ಹೋದಾಗ ಜೀಪಿಗೆ ಪೆಟಿಗಿ ಏರಿಸಲಿಕತ್ತಿದ್ರು. ನಾ ಕೇಳದೇ ಬ್ಯಾಟ್ರಿ ಕಸಗೊಂಡು ಮೂರು ಶೆಲ್ ತುಂಬಿ ಡಾಕ್ಟರ ಕೈಗೆ ಕೊಟ್ಟೆ. ಕಂಬಳಿ ಮತ್ತ ಕಟ್ಟಿಸಿದ್ರು.

"ಅಜ್ಜೀ, ಈಗ?"

"ಈ ಬಲಗಡಿ" ಅಂದ್ಳು ಅತ್ತಿ. "ಈಗ ಮ್ಯಾಲ. ಈಗ ಎಡಕ್ಕ ಹೋತು. ಯಾಕಪ್ಪಾ ಹಂಗ ತಿರುಗಿಸ್ತಿ, ಒಂದು ಕಡಿ ಹಿಡಿ!"

ಎರಡೂ ಕಣ್ಣಿನದು ಸರಿ ಹೇಳಿದಳು. ಡಾಕ್ಟರು ಅಲ್ಲೇ ಚೀಟಿ ಬರದ್ರು. ಕೆಂಪು ಬೆಳಕಿನಾಗ ಮನಿಗೆ ಕಳಿಸಿದವರನ್ನೆಲ್ಲ ಕರೀರಿ ಅಂತ ತಳವಾರನಿಗೆ ಹೇಳಿದ್ರು. ನಾಲ್ಕು ಮಂದಿ ಬಂದ್ರು. ಇಬ್ಬರು ಸರಿ ಹೇಳಿದ್ರು. ಒಬ್ಬಾಕಿ ಅರ್ಧಂಬರ್ಧ ಹೇಳಿದಳು, ಒಂದೇ ಕಣ್ಣಿಗೆ ಚೀಟಿ ಸಿಕ್ಕಿತು. ಒಬ್ಬ ಮುದುಕನ ನರ ಖರೇನ ಸತ್ತಿತ್ತು, ಅವನಿಗೆ ಯಾವ ಶೆಲ್ಲೂ ಏನೂ ಮಾಡಂಗಿದ್ದಿಲ್ಲ. ಆ ಮೂರು ಶೆಲ್ ಕಡೀತನ ಬೆಳ್ಳಗೇ ಉರಿದುವು.

ಹೋಗೋ ಮುಂದ ಡಾಕ್ಟರು ಕಂಪೌಂಡರ್‌ಗೆ "ಇಕಿ ಹೆಂಗ ನೋಡ್ತಾಳ ಕಲ್ತುಕೋ" ಅಂದ್ರು. ಅಂವ ಮಾರಿ ಗಂಟು ಹಾಕ್ಕೊಂಡು ನನ್ನ ಮುಂದ ಕುಂತ. ನಾ ಕಲಿಸಿದೆ. ಎರಡು ಸಲ ತಪ್ಪು ಮಾಡಿದ, ಎರಡು ಸಲ ಬೈದೆ. ನಾ ಮೂರನೇ ಇಯತ್ತೆಗೆ ಶಾಲಿ ಬಿಟ್ಟಾಕಿ. ಅದೇ ಶಾಲಿಯಾಗ ಕುಂತು ಪ್ಯಾಂಟು ಹಾಕಿದವನಿಗೆ ಪಾಠ ಹೇಳೀನಿ. ಅದನ್ನ ಯಾಕ ಮುಚ್ಚಿಡಲಿ?

ಆಪರೇಶನ್ ಆದ ಮ್ಯಾಲ ತಿಂಗಳತನ ತಲಿಗೆ ನೀರು ಸೋಕಬಾರದು ಅಂದಿದ್ರು. ಅದಕ್ಕ ಕ್ಯಾಂಪಿನ ಮರುದಿನ ಮುಂಜಾನೆ ಕೋಳಿ ಕೂಗೋಕಿನ ಮೊದಲ ಎದ್ದು ಒಲಿ ಹಚ್ಚಿ ಹಂಡೆ ನೀರು ಕಾಸಿದೆ. ಅತ್ತಿಯನ್ನ ಬಚ್ಚಲಾಗ ಕುಂದ್ರಿಸಿ, ಸೀಗಿಪುಡಿ ಹಚ್ಚಿ ಗಸಗಸ ತಲಿ ತಿಕ್ಕಿದೆ. "ಏ, ನೆತ್ತಿ ಕಿತ್ತು ತಗೀತೀಯೇನು" ಅಂತ ಬೈದಳು. "ತಿಂಗಳಿಂದು ಒಮ್ಮೆಲೆ ತೊಳೀಲಿಕತ್ತೀನಿ, ಸುಮ್ಕ ಕುಂದ್ರಿ" ಅಂದೆ. ಕೂದಲ ಆರಿಸಿ, ಬಿಗಿಯಾಗಿ ಹೆಣಲು ಹಾಕಿ, ಚೀಟಿ ಅಕಿ ಸೆರಗಿನ ತುದಿಗೆ ಕಟ್ಟಿ, ಚಿತ್ತಾಪುರದ ಜೀಪಿಗೆ ಹತ್ತಿಸಿ ನಾನೂ ಹತ್ತಿದೆ.