ಹೂ ಬಿಟ್ಟ ಸೆಣಬನ್ನು ಉತ್ತ ದಿನ

ಕುರುಗೋಡಿನ ನಮ್ಮ ಹೊಲದಲ್ಲಿ ಬದನೆ ನಾಟಿಗೆ ಮುಂಚೆ ಗೊಬ್ಬರಕ್ಕೆಂದೇ ಸೆಣಬು ಬಿತ್ತಿದ್ದೆ. ಹಳದಿ ಹೂ ಬಿಡುತ್ತಿದ್ದಂತೆ ಅದನ್ನು ಉತ್ತು ಮಣ್ಣಿಗೆ ಸೇರಿಸಲು ಟ್ರ್ಯಾಕ್ಟರ್ ಕರೆಸಿದೆ. ಡ್ರೈವರ್ ಕೆಳಗಿಳಿದು ನಿಂತುಬಿಟ್ಟ.

"ಇಂಥಾ ಚಂದ ಬೆಳಿ ಮ್ಯಾಲೆ ಗಾಡಿ ಹೆಂಗ ಹೊಡೀಲ್ರಿ?"

ಗಾಳಿಯ ಸಾರಜನಕ ಹಿಡಿದಿಡುವ ಗಂಟುಗಳನ್ನು ತೋರಿಸೋಣವೆಂದು ಒಂದು ಗಿಡ ಕಿತ್ತು ಬೇರು ಮುಂದೆ ಹಿಡಿದೆ. ಅವನ ಮುಖ ಬಾಡಿತು.

"ಅಯ್ಯೋ, ಬೇರಿಗೆ ರೋಗ ಬಂದೈತಲ್ರಿ!"

ರೋಗವಲ್ಲ, ಅದೇ ಗೊಬ್ಬರ ಎಂದೆ. ನಾನು ದುಃಖಕ್ಕೆ ಏನೇನೋ ಮಾತಾಡುತ್ತಿದ್ದೇನೆ ಎಂದುಕೊಂಡ ಅವನು ಚಪ್ಪಲಿ ಬಿಟ್ಟು, ಬೆಳೆಗೆ ಕೈಮುಗಿದು ಟ್ರ್ಯಾಕ್ಟರ್ ಹತ್ತಿದ. ಅಷ್ಟರಲ್ಲಿ ನನ್ನ ಬೆಳೆ ಹಾಳಾಯಿತೆಂಬ ಸುದ್ದಿ ಹಬ್ಬಿ, ಅಕ್ಕಪಕ್ಕದ ಹೊಲದವರು ಬಂದು ನನ್ನ ಸುತ್ತ ಬದುವಿನ ಮೇಲೆ ಸಾವಿನ ಮನೆಯಲ್ಲಿ ಕೂತಂತೆ ಕೂತರು. ಒಬ್ಬ ಅಜ್ಜಿ ಚಹಾ ತಂದು, "ಕುಡಿಯಪ್ಪಾ, ಮುಂಜಾನಿಂದ ಏನೂ ತಿಂದಿರಂಗಿಲ್ಲ" ಎಂದು ಬೆನ್ನು ಸವರಿದಳು. ಹೂಗಳು ಮಣ್ಣಡಿ ಹೋಗುವುದನ್ನು ನೋಡುತ್ತ ನನಗೂ ಕಣ್ಣು ತುಂಬಿತು. ಏಕೆಂದು ಇಂದಿಗೂ ತಿಳಿಯದು.

ಮುಂದೆ ಬದನೆ ಗಿಡಗಳು ರೆಂಬೆ ಬಾಗುವಷ್ಟು ಕಾಯಿ ಬಿಟ್ಟವು. ಒಂದು ಚೀಲ ಕಾಯಿಯನ್ನು ಅಜ್ಜಿಯ ಮನೆಗೆ ಒಯ್ದು ಕೊಟ್ಟೆ.

"ಸೆಣಬು ಕೈ ಕೊಟ್ರೂ ಬದನಿಕಾಯಿ ನಿನ್ನ ಕೈ ಹಿಡೀತು, ನೋಡಪ್ಪಾ" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.