ಕಾಲು ಚಾಚುವ ಜಾಗ

ಕಾರ್ತಿಕ ಮಾಸದ ಎರಡನೇ ಸೋಮವಾರ, ಬೆಳಗ್ಗೆ ಏಳು ಗಂಟೆ. ಸ್ಥಳ: ತಿಪಟೂರಿನ ನಮ್ಮ ಮನೆಯ ಹಿತ್ತಲು. ಹಾಜರಿದ್ದವರು: ನಾನು, ನನ್ನ ನಾದಿನಿ ಗೌರಮ್ಮ, ಮತ್ತು ರಾತ್ರಿ ಯಾವಾಗಲೋ ಧೊಪ್ಪೆಂದು ಬಿದ್ದಿದ್ದ ಒಂದು ತೆಂಗಿನ ಗರಿ. ಗೈರುಹಾಜರಾದವರು: ನಮ್ಮ ಯಜಮಾನರು. ಹಾಲು ತರಲು ಹೋದವರು ದಾರಿಯಲ್ಲಿ ಯಾರಿಗೋ ಸಿಕ್ಕಿಹಾಕಿಕೊಂಡಿದ್ದರು. ಹಾಜರಿ ತೆಗೆದುಕೊಳ್ಳದೆ ನನಗೆ ಯಾವ ಕೆಲಸವನ್ನೂ ಶುರು ಮಾಡಲು ಬರುವುದಿಲ್ಲ, ಕ್ಷಮಿಸಿ. ಜೀವನವೆಲ್ಲ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಮೇಡಂ ಆಗಿದ್ದವಳು. ನಿವೃತ್ತಿಯಾದ ಮೇಲೆ ಕೊರಳಿನ ಸೀಟಿ ಚೀಲಕ್ಕೆ ಹೋಯಿತೇ ಹೊರತು ಮನೆಯಿಂದ ಹೊರಗೆ ಹೋಗಲಿಲ್ಲ.

ಗೌರಮ್ಮ ಗೋಡೆಗೆ ಒರಗಿ, ಎಡಗಾಲನ್ನು ಉದ್ದಕ್ಕೆ ಚಾಚಿ, ಚೂರಿ ಹಿಡಿದು ಎಲೆ ಸೀಳುತ್ತಿದ್ದಳು. ಎಲೆಯ ನಡುವಿನ ಗಟ್ಟಿ ಕಡ್ಡಿ ಒಂದು ಕಡೆ, ಹಸಿರು ಸಿಪ್ಪೆ ಇನ್ನೊಂದು ಕಡೆ. ಹಸಿ ಗರಿಯನ್ನು ಸೀಳುವಾಗ ಏಳುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಮಳೆ ನಿಂತ ತೋಟದ್ದೂ ಅಲ್ಲ, ಎಳನೀರಿನದೂ ಅಲ್ಲ, ಎರಡರ ನಡುವಿನದು. ಆ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ಒಂದು ಮನೆ ನೆನಪಾಗುತ್ತದೆ. ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಟಿಣ್ ಎಂದಿತು.

“ಏನಂತೆ ಅತ್ತಿಗೆ?”

“ಏರ್‌ಪೋರ್ಟ್ ಲೌಂಜಿಂದು ಕಣೇ. ಮೆಂಬರ್‌ಶಿಪ್ಪು ಇವತ್ತಿಗೆ ಮುಗೀತದಂತೆ. ಮತ್ತೆ ದುಡ್ಡು ಕಟ್ಬೇಕಂತೆ.”

“ಕಟ್ಟು ಮತ್ತೆ.”

“ಇರು. ಲಾಭ ಏನು, ನಷ್ಟ ಏನು ಅಂತ ಯೋಚನೆ ಮಾಡ್ದೆ ಕಟ್ಟಿಬಿಡೋದಾ?”

“ನೀನು ಸಾಯಂಕಾಲದವರ್ಗೂ ಯೋಚ್ನೆ ಮಾಡು. ನಾನು ಹೇಳದು ಇಷ್ಟೇಯ. ಈ ಮೊಣಕಾಲು ಇಟ್ಕಂಡು ಆ ಕಬ್ಣದ್ ಕುರ್ಚಿ ಮ್ಯಾಲೆ ಗಂಟೆಗಟ್ಲೆ ನಾನು ಕೂರಲ್ಲ. ಕಾಲು ಚಾಚಕ್ಕೆ ಜಾಗ ಇಲ್ಲ ಅಂದ್ರೆ ಜೈಪುರಕ್ಕೆ ನೀನೊಬ್ಳೇ ಹೋಗ್ಬುಡು.”

ಇಬ್ಬರು ಮುದುಕಿಯರಿಗೆ ಜೈಪುರದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಾವು ಕ್ರೀಡಾಪಟುಗಳು. ನಗಬೇಡಿ, ನಕ್ಕವರ ಸಾಲಿನಲ್ಲಿ ನಮ್ಮ ಯಜಮಾನರು ಮೊದಲು ನಿಂತಿದ್ದಾರೆ, ನಿಮ್ಮ ಸರದಿ ಬರುವುದು ತಡವಾಗುತ್ತದೆ. ಹಿರಿಯರ ಕ್ರೀಡಾಕೂಟಗಳು ದೇಶದ ಎಲ್ಲ ಕಡೆ ನಡೆಯುತ್ತವೆ, ಈ ಸಲದ್ದು ಜೈಪುರದಲ್ಲಿ. ನನ್ನದು ವೇಗದ ನಡಿಗೆ. ಗೌರಮ್ಮನದು ಗುಂಡು ಎಸೆತ. ಅವಳಿಗೆ ಗುಂಡು ಹಿಡಿಯಲು ಕಲಿಸಿದವಳು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ನಿಜವಾಗಿ ಕಲಿಸಿದ್ದು ಅವರ ತೋಟ. ಮರದಡಿಯ ರಾಶಿಯಿಂದ ಕಾಯಿಗಳನ್ನು ಗಾಡಿಗೆ ತೂರಿ ತೂರಿ ಆ ತೋಳು ತಯಾರಾಗಿತ್ತು. ನಾನು ಸುತ್ತಲೂ ಸುಣ್ಣದ ವೃತ್ತ ಬರೆದೆ, ಅಷ್ಟೇ.

ಅವಳಿಲ್ಲದೆ ನಾನೊಬ್ಬಳೇ ಹೋಗುವುದೆಂದರೆ ಉಪ್ಪಿಲ್ಲದ ಸಾರು. ಪದಕ ಬಂದರೆ ಯಾರಿಗೆ ತೋರಿಸಲಿ? ಬರದಿದ್ದರೆ ಯಾರು ನನ್ನನ್ನು ಆಡಿಕೊಂಡು ನಗುತ್ತಾರೆ? ಹಾಗಾಗಿ ಬಂದ ಸಂದೇಶ ದುಡ್ಡಿನದಾದರೂ ಪ್ರಶ್ನೆ ನಮ್ಮ ಜೋಡಿಯದಾಗಿತ್ತು.

ಮೊದಲ ಸಲ ವಿಮಾನ ಹತ್ತಲು ಹೊರಟಾಗ ನಾವು ತಿಪಟೂರಿನವರು ಮಾತ್ರ ಮಾಡಬಹುದಾದ ಕೆಲಸ ಮಾಡಿದೆವು. ಹೋಗುವ ಊರಿನವರಿಗೆ ಕೊಡಲೆಂದು ಚೀಲದ ತುಂಬ ಉಂಡೆ ಕೊಬ್ಬರಿ ಒಯ್ದೆವು. ಕೌಂಟರಿನ ಹುಡುಗ ಚೀಲ ನೋಡಿ ಬೆಚ್ಚಿಬಿದ್ದ.

“ಅಮ್ಮಾ, ಕೊಬ್ಬರಿ ತಗೊಂಡು ಹೋಗೋ ಹಾಗಿಲ್ಲ. ಎಣ್ಣೆ ಇರುತ್ತೆ, ಬೆಂಕಿ ಹತ್ಕೊಳುತ್ತೆ.”

“ನಮ್ಮಟ್ಟದ ತುಂಬ ಇದೇ ಇರದು ಕಣಪ್ಪ,” ಎಂದಳು ಗೌರಮ್ಮ. “ಅದರ ಕೆಳಗೇ ದಿನಾ ಒಲೆ ಹಚ್ತೀವಿ. ಒಂದಿನಾನೂ ಹತ್ಕಂಡಿಲ್ಲ. ನಿಮ್ಮ ವಿಮಾನ ಅಷ್ಟೊಂದು ನಾಜೂಕಾ?”

ಹುಡುಗ ನಕ್ಕ, ಆದರೆ ಒಪ್ಪಲಿಲ್ಲ. ಗೌರಮ್ಮ ಅಲ್ಲೇ ಕೂತು ಕೊಬ್ಬರಿ ಒಡೆದು ಸಾಲಿನಲ್ಲಿದ್ದವರಿಗೆಲ್ಲ ಹಂಚಿದಳು. ಕೋಟು ತೊಟ್ಟವರೂ ಎರಡನೇ ಸಲ ಕೈ ಚಾಚಿದರು. ಆಮೇಲೆ ಒಳಗೆ ಹೋಗಿ ಕಬ್ಬಿಣದ ಕುರ್ಚಿಯಲ್ಲಿ ಕೂತೆವು. ವಿಮಾನ ತಡ, ತಡ, ಇನ್ನೂ ತಡ. ಗೌರಮ್ಮನ ಮೊಣಕಾಲು ಊದಿತು. ಮರುದಿನ ವೃತ್ತದೊಳಗೆ ಅವಳಿಗೆ ಸರಿಯಾಗಿ ಬಾಗಲೂ ಆಗಲಿಲ್ಲ. ಊರಿಗೆ ವಾಪಸು ಬಂದ ವಾರದಲ್ಲೇ ನಾನು ಲೌಂಜಿನ ಸದಸ್ಯಳಾದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು ಎಂಬ ಸಾಲು ಓದಿಯೇ ಆದದ್ದು.

ಲೌಂಜ್ ಎಂದರೆ ನಿಲ್ದಾಣದ ಒಳಗೆ ಇನ್ನೊಂದು ಬಾಗಿಲು. ದುಡ್ಡು ಕಟ್ಟಿದವರಿಗೆ ತೆರೆಯುತ್ತದೆ. ಒಳಗೆ ಮೆತ್ತನೆಯ ಸೋಫಾ, ಬಿಸಿ ಇಡ್ಲಿ, ಕಾಫಿ, ಶುಚಿಯಾದ ಶೌಚಾಲಯ, ಕಾಲಿಡಲು ಪುಟ್ಟ ಮಣೆ. ನನ್ನಂಥ ಹೊತ್ತಿಗೆ ಸರಿಯಾಗಿ ತಿನ್ನುವವಳಿಗೆ ಅದು ದೊಡ್ಡ ಅನುಕೂಲ. ವಿಮಾನ ಎಷ್ಟು ಹೊತ್ತಿಗಾದರೂ ಹಾರಲಿ, ನನ್ನ ತಿಂಡಿ ತಿಂಡಿಯ ಹೊತ್ತಿಗೇ ಆಗುತ್ತದೆ.

ನಷ್ಟವನ್ನೂ ಹೇಳಬೇಕು. ಕೂರಲು ಹೋಗುವ ಜಾಗಕ್ಕೆ ನಿಂತು ಕಾಯಬೇಕು. ಬಾಗಿಲ ಮುಂದೆ ಯಾವಾಗಲೂ ಗುಂಪು. ಒಮ್ಮೆ ತಡೆಯಲಾರದೆ “ಎಲ್ಲರೂ ಒಂದೇ ಸಾಲು!” ಎಂದುಬಿಟ್ಟೆ. ಆಶ್ಚರ್ಯವೆಂದರೆ ಎಲ್ಲರೂ ನಿಂತರು, ಒಬ್ಬರು ಎತ್ತರದ ಪ್ರಕಾರ ನಿಲ್ಲಬೇಕೋ ಎಂದೂ ಕೇಳಿದರು. ಇನ್ನೊಂದು ನಷ್ಟ, ಒಳಗೆ ಯಾವ ಕೂಗೂ ಕೇಳುವುದಿಲ್ಲ. ಯಾವ ವಿಮಾನ ಯಾವಾಗ ಹೊರಟಿತು ಎಂದು ಯಾರೂ ಬಂದು ಎಬ್ಬಿಸುವುದಿಲ್ಲ. ಮೂರನೆಯದು ಗೌರಮ್ಮನ ಹೊಟ್ಟೆಗೆ ಸಂಬಂಧಿಸಿದ್ದು. “ದುಡ್ಡು ಕಟ್ಟಿದೀವಲ್ಲ ಅತ್ತಿಗೆ” ಎನ್ನುತ್ತ ಅವಳು ಒಂದು ಸಲ ಪೂರಿ, ಪಲಾವು, ಹಲ್ವ, ಮೇಲೆ ಇನ್ನೊಂದು ಸುತ್ತು ಪೂರಿ ಮುಗಿಸಿದಳು. ಅಂದು ಸಂಜೆ ಗುಂಡು ಅವಳ ಕಾಲಬುಡದಲ್ಲೇ ಬಿತ್ತು. ಅಳತೆ ಪಟ್ಟಿ ಹಿಡಿದಿದ್ದವರು ಅದನ್ನು ಬಿಚ್ಚಬೇಕೋ ಬೇಡವೋ ಎಂದು ಅನುಮಾನಿಸಿದರು.

ಈ ಎಲ್ಲವನ್ನೂ ತೂಗುತ್ತಿದ್ದೆ. ಆದರೆ ಗರಿಯ ವಾಸನೆ ನನ್ನನ್ನು ಬೇರೆ ಕಡೆಗೆ ಎಳೆಯುತ್ತಿತ್ತು. ನಾನು ಹೇಳಿದ ಆ ಮನೆಗೆ. ನನ್ನ ಜೀವನದ ಮೊದಲ ಲೌಂಜು ಅದು, ಮತ್ತು ಅದಕ್ಕೂ ಸದಸ್ಯತ್ವವಿತ್ತು.

ನಮ್ಮ ತವರು ಹುಳಿಯಾರು ರಸ್ತೆಯ ಒಂದು ಹಳ್ಳಿ. ಎಂಟನೇ ತರಗತಿಯಲ್ಲಿ ನಾನು ಜಿಲ್ಲಾ ಮಟ್ಟದ ಓಟಕ್ಕೆ ಆಯ್ಕೆಯಾದೆ. ಓಟ ತುಮಕೂರಿನಲ್ಲಿ. ಊರಿನಿಂದ ಬೆಳಗಿನ ಬಸ್ಸಿನಲ್ಲಿ ತಿಪಟೂರು, ಅಲ್ಲಿಂದ ಮಧ್ಯಾಹ್ನದ ರೈಲು. ನಡುವೆ ಅರ್ಧ ದಿನ. ನಮ್ಮಪ್ಪನಿಗೆ ನಾನು ಓಡುವುದರ ಬಗ್ಗೆ ತಕರಾರಿರಲಿಲ್ಲ. ಆ ಅರ್ಧ ದಿನದ ಬಗ್ಗೆ ಇತ್ತು.

“ಅಷ್ಟೊತ್ತು ಹೆಣ್ಣುಮಗ ಎಲ್ಲಿ ಕೂತ್ಕತದೆ? ಬಸ್‌ಸ್ಟ್ಯಾಂಡಾಗೋ? ನೀರು ಕುಡಿಯಕ್ಕೆ, ಆಚೀಚೆ ಹೋಗಕ್ಕೆ ಏನ್ ಮಾಡ್ತದೆ? ಒಂದು ಮರ್ವಾದೆ ಜಾಗ ತೋರ್ಸು, ಕಳಿಸ್ತೀನಿ. ಇಲ್ಲ ಅಂದ್ರೆ ಇಲ್ಲ,” ಎಂದರು ಅವ್ವನಿಗೆ.

ಅವ್ವ ಜೊತೆಗೆ ಬರುವವಳೇ. ಆದರೆ ಅವ್ವನಿಗೂ ಕೂರಲು ಜಾಗ ಬೇಕಲ್ಲ. ಆ ಕಾಲದ ಹೆಂಗಸರು ಪ್ರಯಾಣವೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ನೀರು ಕುಡಿಯದೆ ಹೋಗಿ ನಾನು ಎಲ್ಲಿ ಓಡಲಿ?

ತಿಪಟೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೊಬ್ಬರಿ ಮಂಡಿ, ಅದಕ್ಕೆ ಅಂಟಿಕೊಂಡೇ ಮಂಡಿಯವರ ಮನೆ ಇತ್ತು. ಮನೆಯ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅಗಲವಾದ ಹಣೆ, ಗಟ್ಟಿ ಗಂಟಲು, ಸೊಂಟದಲ್ಲಿ ಬೀಗದ ಕೈ. ಅವರ ಮಂಡಿಗೆ ಕೊಬ್ಬರಿ ಹಾಕುವ ರೈತರ ಹೆಂಡಿರು ಸಂತೆಗೋ ಆಸ್ಪತ್ರೆಗೋ ಬಂದರೆ ಒಳಗಿನ ಪಡಸಾಲೆಯಲ್ಲಿ ಕೂರಬಹುದಿತ್ತು. ತಣ್ಣನೆಯ ನೀರು, ಹಿತ್ತಲಲ್ಲಿ ಬಾಗಿಲಿರುವ ಬಚ್ಚಲು, ಮಗುವಿಗೆ ತೊಟ್ಟಿಲು. ಕಾಫಿಯೂ ಇರುತ್ತಿತ್ತು, ಲೋಟದ ತಳ ಕಾಣುವಷ್ಟು ತಿಳಿಯಾಗಿ. ಅಲ್ಲಿನ ನಷ್ಟ ಒಂದೇ: ದೊಡ್ಡಮ್ಮ ಬಂದವರ ಮಕ್ಕಳಿಗೆಲ್ಲ ಅಲ್ಲೇ ಕೂತು ಮದುವೆ ಗೊತ್ತು ಮಾಡುತ್ತಿದ್ದರು.

ನಮ್ಮ ಕೊಬ್ಬರಿ ಹೋಗುತ್ತಿದ್ದದ್ದು ಬೇರೆ ಮಂಡಿಗೆ. ಆದರೂ ಆ ಮನೆಯ ಹೆಸರು ಹೇಳಿಯೇ ಅಪ್ಪನನ್ನು ಒಪ್ಪಿಸಿದ ಅವ್ವ, ಓಟಕ್ಕೆ ಹೊರಟ ದಿನ ಅಲ್ಲಿಗೆ ಹೋದಾಗ ಅದನ್ನು ಮುಚ್ಚಿಡದೆ ಹೇಳಿದಳು. ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಓಡ್ತೀಯಂತಾ? ಯಾರಾದ್ರೂ ಅಟ್ಟಿಸ್ಕಂಡು ಬತ್ತಾರೋ, ಸುಮ್‌ಸುಮ್ನೆ ಓಡದೋ?”

“ಸುಮ್ನೆ ಓಡದು,” ಎಂದೆ.

“ಸರಿಹೋಯ್ತು. ಕೂತ್ಕ ಹೋಗವ್ವ, ಇವತ್ತೊಂದಿನ ತಾನೆ.”

ಕೂತೆವು. ಅವ್ವ ಗೋಡೆಗೆ ಒರಗಲಿಲ್ಲ. ಕಾಲು ಮಡಿಸಿ, ಸೆರಗು ಬಿಗಿದು, ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಂಚಿನಲ್ಲಿ ಕೂತಿದ್ದಳು. ಸುತ್ತ ಮಂಡಿಯ ಕಡೆಯ ಹೆಂಗಸರು ಕಂಬಕ್ಕೆ ಒರಗಿ, ಕಾಲು ನೀಡಿ, ಎಲೆಯಡಿಕೆ ಹಾಕಿಕೊಂಡು ಹರಟುತ್ತಿದ್ದರು. ಅವ್ವ ನೀರನ್ನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹಿತ್ತಲಿಗೆ ಹೋದಳು. ಬರುವಾಗ ಬಿದ್ದಿದ್ದ ಗರಿಯೊಂದನ್ನು ಎಳೆದುಕೊಂಡು ಬಂದು, ಅಡುಗೆಮನೆಯಿಂದ ಚೂರಿ ಕೇಳಿ ಪಡೆದು, ಪೊರಕೆಗೆಂದು ಸರಸರನೆ ಸೀಳತೊಡಗಿದಳು. ಪಡಸಾಲೆಯ ತುಂಬ ಅದೇ ವಾಸನೆ.

“ಇದ್ಯಾಕವ್ವ? ನಾನು ಕೇಳಿದ್ನಾ?” ಎಂದರು ದೊಡ್ಡಮ್ಮ.

“ನೀವು ಕೇಳ್ಲಿಲ್ಲ ದೊಡ್ಡಮ್ಮ. ಬಿಟ್ಟಿ ಕೂತ್ರೆ ನಂಗೆ ಕಾಲು ಚಾಚಕ್ಕಾಗಲ್ಲ.”

ಎನ್ನುತ್ತಲೇ ಅವ್ವ ಕಡ್ಡಿಗಳನ್ನು ಒಟ್ಟುಮಾಡಿ ಬಿಗಿದು ಕಟ್ಟಿದಳು. ದೊಡ್ಡಮ್ಮ ಅವ್ವ ಕಟ್ಟಿದ ಪೊರಕೆಯನ್ನು ಎತ್ತಿ, ಅದರ ಬುಡವನ್ನು ನೆಲಕ್ಕೆ ಕುಟ್ಟಿ, ಅಂಗಳದಲ್ಲಿ ಎರಡು ಸಲ ಗುಡಿಸಿ ನೋಡಿದರು.

“ಭಲೇ ಗಟ್ಟಿಗಿತ್ತಿ ಕಣೇ ನೀನು! ಹಂಗಾರೆ ಸಂತೆಗೆ ಬಂದಾಗೆಲ್ಲ ಒಂದೊಂದು ಪೊರಕೆ ಕಟ್ಕೊಡು. ನೀನೂ ನಿನ್ನ ಮಗಳೂ ಯಾವಾಗ್ಲಾದ್ರೂ ಬನ್ನಿ, ಯಾವ ಮಂಡಿ ಅಂತ ಯಾರೂ ಕೇಳಲ್ಲ. ಈಗ ನೀರು ಕುಡಿ ಮೊದ್ಲು.”

ಅವ್ವ ಚೊಂಬು ಎತ್ತಿ ಗಟಗಟನೆ ಕುಡಿದಳು. ಆಮೇಲೆ ಕಂಬಕ್ಕೆ ಒರಗಿ ಎರಡೂ ಕಾಲು ಚಾಚಿದಳು. ಬೇರೆಯವರ ಮನೆಯಲ್ಲಿ ಅವ್ವ ಕಾಲು ಚಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೆರಳುಗಳನ್ನು ಅಲ್ಲಾಡಿಸುತ್ತ ಪಕ್ಕದವಳ ಹತ್ತಿರ ಎಲೆಯಡಿಕೆಯನ್ನೂ ಕೇಳಿದಳು!

ತುಮಕೂರಿನಲ್ಲಿ ನಾನು ಎರಡನೆಯವಳಾಗಿ ಬಂದೆ. ಸ್ಟೀಲಿನ ಲೋಟ ಕೊಟ್ಟರು. ವಾಪಸು ಬರುವಾಗ ದೊಡ್ಡಮ್ಮ ಅದರಲ್ಲೇ ಕಾಫಿ ಹಾಕಿಕೊಟ್ಟರು, ಅವತ್ತು ಮಾತ್ರ ಗಟ್ಟಿಯಾಗಿತ್ತು. ಅಲ್ಲಿಂದಾಚೆ ಯಾವ ಊರಿನ ಓಟವಾದರೂ ಅಪ್ಪ ಕೇಳುತ್ತಿದ್ದದ್ದು ಒಂದೇ: “ಪೊರಕೆ ಕಟ್ಟಿದೀಯೇನೇ?”

ಹಿತ್ತಲಿಗೆ ವಾಪಸು ಬರೋಣ. ಅಪ್ಪ ಅಂದು ಅಂದದ್ದನ್ನೇ ಗೌರಮ್ಮ ಇವತ್ತು ಅಂದಿದ್ದಳು: ಜಾಗ ಇಲ್ಲವೆಂದರೆ ಹೊರಡುವುದಿಲ್ಲ. ಓಡುವ ಶಕ್ತಿ ಎಷ್ಟಿದ್ದರೂ, ದಾರಿಯಲ್ಲಿ ಕೂರಲು ಜಾಗವಿಲ್ಲದೆ ಮನೆಯಲ್ಲೇ ಉಳಿದ ಹೆಂಗಸರು ಎಷ್ಟು ಜನವೋ. ಬಾಗಿಲು ಎಂದ ಮೇಲೆ ಹೊರಗೆ ಉಳಿಯುವವರೂ ಇರುತ್ತಾರೆ. ದೊಡ್ಡಮ್ಮನ ಮನೆಯ ಮುಂದಿನ ಮರದಡಿಯಲ್ಲೂ ಇದ್ದರು, ಲೌಂಜಿನ ಆಚೆಯ ಕಬ್ಬಿಣದ ಕುರ್ಚಿಗಳ ಮೇಲೂ ಇದ್ದಾರೆ. ಆ ನಷ್ಟವನ್ನು ಹಾಗೆಯೇ ಒಪ್ಪಿಕೊಳ್ಳುತ್ತೇನೆ.

ಆದರೆ ಇಷ್ಟು ದಿನ ಲೌಂಜಿನಲ್ಲಿ ನಾನು ಹೇಗೆ ಕೂತಿದ್ದೆ ಗೊತ್ತೇ? ಬೆನ್ನು ನೆಟ್ಟಗೆ, ಚೀಲ ಮಡಿಲಲ್ಲಿ, ಸೋಫಾದ ಅಂಚಿನಲ್ಲಿ. ಶಿಸ್ತು ಎಂದು ನಾನು ಹೆಮ್ಮೆಪಡುತ್ತಿದ್ದೆ. ನೋಡಿದರೆ ಅದು ಪೊರಕೆ ಕಟ್ಟುವ ಮುಂಚಿನ ಅವ್ವನ ಭಂಗಿ.

“ಇನ್ನೊಂದು ಇಸ್ಯ ಅತ್ತಿಗೆ,” ಎಂದಳು ಗೌರಮ್ಮ, ಕಡ್ಡಿಗಳನ್ನು ಒಟ್ಟುಮಾಡುತ್ತ. “ನೀನು ಕಟ್ಟಲೇಬೇಕು. ನಾನು ಮಾತು ಕೊಟ್ಟಿದೀನಿ.”

“ಯಾರಿಗೆ?”

“ಲೌಂಜಿನಾಗೆ ಗುಡಿಸ್ತಾಳಲ್ಲ ರತ್ನಮ್ಮ, ಅವಳಿಗೆ. ಕಳೆದ ಸಲ ನಾನು ಚಟ್ನಿಪುಡಿ ಚೆಲ್ಲಿದಾಗ ‘ಬುಡಿ ಅವ್ವ’ ಅಂದ್ಲು. ಈ ಮಾತು ನಮ್ಮ ಕಡೇದು ಅಂತ ಊರು ಕೇಳಿದ್ರೆ ಹುಳಿಯಾರಂತೆ! ಅಲ್ಲಿನ ಪೊರಕೆ ಮೂಲೆಗೇ ಹೋಗಲ್ಲವಂತೆ, ಅವಳ ಮನೆಗೂ ಒಳ್ಳೇದು ಸಿಕ್ತಿಲ್ಲವಂತೆ. ಮುಂದಿನ ಸಲ ತತ್ತೀನಿ ಅಂದಿದೀನಿ. ಇದು ಅವಳಿಗೇ.”

“ಏರ್‌ಪೋರ್ಟಿನೊಳಕ್ಕೆ ಪೊರಕೆ ತಗೊಂಡು ಹೋಗ್ತೀಯಾ? ಚೆಕಿಂಗಿನವರು ಹಿಡಿದ್ರೆ?”

“ಹಿಡೀಲಿ. ಕೊಬ್ಬರಿ ಅಲ್ಲವಲ್ಲ. ಬೆಂಕಿ ಬಿದ್ರೆ ಇದ್ರಲ್ಲೇ ಬಡ್ದು ಆರಿಸ್ಬೋದು ಅಂತೀನಿ.”

ನಾನು ಎಷ್ಟು ನಕ್ಕೆನೆಂದರೆ, ಹಾಲು ಹಿಡಿದು ಗೇಟು ತೆರೆದ ಯಜಮಾನರು ಹಿತ್ತಲಿಗೇ ಓಡಿಬಂದರು. ಅವರ ಎದುರಿಗೇ ಮೊಬೈಲು ಒತ್ತಿ ದುಡ್ಡು ಕಟ್ಟಿದೆ. ಅವರು ಏನೋ ಕೇಳಲು ಬಾಯಿ ತೆರೆದವರು, ಗೌರಮ್ಮನ ಕೈಯಲ್ಲಿದ್ದ ಪೊರಕೆ ಕಡ್ಡಿ ನೋಡಿ ಕಾಫಿ ಮಾಡಲು ಒಳಗೆ ಹೋದರು.

ಉಳಿದ ಕೆಲಸ ಒಂದೇ. ಗೌರಮ್ಮ ಕಡ್ಡಿಗಳನ್ನು ಬಿಗಿಹಿಡಿದಳು, ನಾನು ನಾರಿನ ಹುರಿ ಸುತ್ತಿ ಗಂಟು ಹಾಕಿದೆ. ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ಹಿತ್ತಲಲ್ಲಿ ಬಿದ್ದಿದ್ದ ಹಸಿರು ಸಿಪ್ಪೆಯನ್ನೆಲ್ಲ ಅದರಿಂದಲೇ ಗುಡಿಸಿ ನೋಡಿದೆ. ಮೂಲೆಗೂ ಹೋಯಿತು. ಪೊರಕೆಯನ್ನು ಪ್ರಯಾಣದ ಚೀಲದ ಪಕ್ಕದಲ್ಲಿ ಒರಗಿಸಿ ಬಂದು, ಗೌರಮ್ಮನ ಪಕ್ಕ ಗೋಡೆಗೆ ಒರಗಿ, ಎರಡೂ ಕಾಲು ಚಾಚಿ ಕೂತೆ.