ಒಬ್ಬ ಸ್ಟಾರ್‌ಗೆ ಮೂರು ವೀಸಾ

ದುಬೈಯ ಒಂದು ಕಂಪನಿ ನಮಗೆ ಸ್ಟೋರ್‌ಕೀಪರ್ ವೀಸಾ ಕೊಟ್ಟು, ಬಾಸ್ಕೆಟ್‌ಬಾಲ್ ಆಡಲೆಂದೇ ಸಂಬಳ ಕೊಡುತ್ತಿತ್ತು. ಪ್ರತಿ ವರ್ಷವೂ ಸೆಮಿಫೈನಲ್‌ನಲ್ಲಿ ಸೋಲು. ಸ್ಟಾರ್ ಆಟಗಾರನನ್ನು ತರಿಸದೆ ಕಪ್ ಸಿಗದೆಂದು ಗಂಟಲು ಹರಿದುಕೊಂಡವನು ಕ್ಯಾಪ್ಟನ್ ಆಗಿದ್ದ ನಾನೇ. ಮಂಗಳೂರಿನವರಾದ ಮ್ಯಾನೇಜರ್ ಕೊನೆಗೆ ಒಪ್ಪಿದರು.

“ಅವನ ಸಂಬಳಕ್ಕೆ ಮೂರು ಜನರದ್ದು ವೀಸಾ ಕ್ಯಾನ್ಸಲ್ ಮಾಡ್ಬೇಕು ಮಾರಾಯ. ಯಾರದ್ದು ಅಂತ ನೀನೇ ಹೇಳು.”

ನನ್ನ ರೂಮಿನವರೇ ಆದ ಇಬ್ಬರ ಹೆಸರು ಹೇಳಿದೆ, ನಾಚಿಕೆಗೆಟ್ಟವನು. ಮೂರನೆಯದು ಹೊಳೆಯಲಿಲ್ಲ. ಮ್ಯಾನೇಜರ್ ಆ ಜಾಗದಲ್ಲಿ ನನ್ನ ಹೆಸರನ್ನೇ ಬರೆದುಕೊಂಡರು.

ನೋಟಿಸಿನ ತಿಂಗಳಿಡೀ ಜೆಬೆಲ್ ಅಲಿ ಬಡಾವಣೆಯ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಸ್ಟಾರ್‌ಗೆ ನಮ್ಮ ತಂಡದ ಆಟ ಕಲಿಸಿದೆ. ಎಂಥ ಆಟಗಾರ ಅವನು! ನಾನು ಹೊರಡುವವನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಯ ದಿನ ಬೆನ್ನು ತಟ್ಟಿ, ಫೈನಲ್‌ನಲ್ಲೂ ಹೀಗೆಯೇ ಪಾಸ್ ಕೊಡಬೇಕು ಎಂದ.